ಮಗಳು ಹೇಳದ ಮಾತಿಗೆ ಅಪ್ಪನ ಉತ್ತರ

‘ವಾದ ಮಾಡಬೇಡಿ ಅಂತ ಇವರಿಗೆ ನೀವಾದರೂ ಹೇಳಿ.’ ಮನೆಯ ಜಗಳಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬರುವವರು ಜಾಸ್ತಿ ಕೇಳುವುದು ಇದನ್ನೇ. ನಾನು ಹಾಗೆ ಹೇಳುವುದಿಲ್ಲ. ಅದಕ್ಕೆ ಕೆಲವರಿಗೆ ಬೇಸರವೂ ಆಗಿದೆ. ಯಾಕೆ ಹೇಳುವುದಿಲ್ಲ ಅನ್ನುವುದಕ್ಕೆ ಒಂದು ಮನೆಯ ಕಥೆ ಬರೆಯುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕರಾವಳಿಯ ಊರು. ಅಪ್ಪನಿಗೆ ಅಂಗಡಿ, ಬಿಡುವಿದ್ದಾಗ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಪಾತ್ರವಾಗಿ ಮಾತಿಗೆ ಮಾತು ಕೊಡುವ ಯಕ್ಷಗಾನದಲ್ಲಿ, ಅರ್ಥ ಹೇಳುವ ಹವ್ಯಾಸ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಒಂದು ತಿಂಗಳು ಜಗಳ ನಡೆದು, ಈಗ ಇಬ್ಬರಿಗೂ ಮಾತೇ ಇರಲಿಲ್ಲ.

ಅಪ್ಪ ಹತ್ತು ನಿಮಿಷ ಮಾತಾಡಿದರು. ಆರ್ಟ್ಸ್ ತೆಗೆದುಕೊಂಡರೆ ಮುಂದೇನು, ಕೆಲಸ ಎಲ್ಲಿ, ಇಷ್ಟು ಒಳ್ಳೆಯ ಮಾರ್ಕ್ಸ್ ಬಂದದ್ದು ಯಾತಕ್ಕೆ. ತೂಕದ ಮಾತುಗಳೇ. ಮಗಳು ನೆಲ ನೋಡುತ್ತಿದ್ದಳು.

‘ಅವಳು ನಿಮಗೆ ಹೇಳಿದ್ದೇನು? ಅವಳ ಮಾತಲ್ಲೇ ಹೇಳಿ’ ಅಂದೆ.

‘ಆರ್ಟ್ಸ್ ಬೇಕಂತೆ.’

‘ನಾನು ಹಾಗೆ ಹೇಳಿಯೇ ಇಲ್ಲ ಅಪ್ಪ. ಸೈನ್ಸ್ ಅಂದ್ರೆ ಹೆದರಿಕೆ ಆಗ್ತದೆ ಅಂತ ಹೇಳಿದ್ದು.’

ಅವರು ಹೆಂಡತಿಯ ಮುಖ ನೋಡಿದರು. ಆಕೆಗೂ ಇದು ಹೊಸ ಮಾತು. ಮಗಳು ಹೇಳದ ಮಾತಿಗೆ ಒಂದು ತಿಂಗಳು ಉತ್ತರ ಕೊಟ್ಟಿದ್ದರು.

ಆಮೇಲೆ ಕೇಳಿದೆ: ‘ನೀವು ವಾಲಿಯಾಗಿ ಕೂತಾಗ, ರಾಮ ಏನಂದ ಅಂತ ಕೇಳಿಸಿಕೊಳ್ಳದೆ ಮುಂದಿನ ಮಾತು ಎತ್ತಲು ಆಗ್ತದಾ?’

‘ಎಲ್ಲಿಯದ್ದು! ಅದೇನು ಬಾಯಿಪಾಠವಾ?’ ಅಂದರು. ಅಂದವರೇ ಸುಮ್ಮನಾದರು.

ನಾನು ಕೊಟ್ಟ ಸಲಹೆ ಇಷ್ಟೇ. ಉತ್ತರ ಕೊಡುವ ಮೊದಲು ಅವಳ ಮಾತನ್ನು ನೀವು ಹೇಳಬೇಕು. ‘ಹೌದು, ಅದೇ’ ಅಂತ ಅವಳು ಒಪ್ಪಿದ ಮೇಲೆ ನಿಮ್ಮ ಸರದಿ. ಅವಳಿಗೂ ಇದೇ ನಿಯಮ. ಇದು ನನ್ನ ಕಂಡುಹಿಡಿತ ಅಲ್ಲ. ನಮ್ಮ ಶಾಸ್ತ್ರಗಳಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ಮಾತು; ಆಮೇಲೆ ಸಿದ್ಧಾಂತ, ಅಂದರೆ ತನ್ನ ನಿಲುವು. ನ್ಯಾಯಶಾಸ್ತ್ರದಲ್ಲಿ, ಅಂದರೆ ತರ್ಕದ ಶಾಸ್ತ್ರದಲ್ಲಿ, ಚರ್ಚೆಗೆ ಮೂರು ಬಗೆ ಇವೆ: ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನ ನಿಲುವು ಹೇಳದೆ ಎದುರಿನವರದ್ದನ್ನು ಬರೀ ಕೆಡವುವುದು ವಿತಂಡ. ಮನೆಗಳಲ್ಲಿ ಕೊನೆಯ ಎರಡನ್ನು ನೋಡಿ ಬೇಸತ್ತು, ಮೊದಲನೆಯದನ್ನೂ ಬೇಡ ಅನ್ನುತ್ತೇವೆ. ವಾದ ನಿಂತ ಮನೆಯಲ್ಲಿ ಮಕ್ಕಳು ಹೆದರಿಕೆಯನ್ನು ಯಾರ ಹತ್ತಿರ ಹೇಳಬೇಕು? ಎದುರು ಮಾತಾಡುವ ಮಗು ಇನ್ನೂ ನಮ್ಮನ್ನು ನಂಬಿದೆ, ಅಲ್ವಾ?

ಮೂರು ವಾರದ ಮೇಲೆ ಬಂದರು. ಗಣಿತಕ್ಕೆ ಟ್ಯೂಷನ್ ಬೇಕೋ ಬೇಡವೋ ಅಂತ ಮೆಟ್ಟಿಲು ಹತ್ತುವಾಗಲೂ ಇಬ್ಬರ ವಾದ ಕೇಳಿಸುತ್ತಿತ್ತು. ‘ತಡಿ, ನೀನು ಹೇಳಿದ್ದು ಇದು ತಾನೇ?’ ಅನ್ನುತ್ತಿದ್ದರು ಅಪ್ಪ.