ಬುಡಕಟ್ಟು ಜನರ ಹಾಡಿಗಳಲ್ಲಿ ಕುಟುಂಬ ನೆರವು, ಮಕ್ಕಳ ರಕ್ಷಣೆ ಎರಡನ್ನೂ ಜೋಡಿಸುವ ಕೆಲಸಕ್ಕೆ ಅನುದಾನ ಎಲ್ಲಿ ಸಿಗುತ್ತದೆ?

ಅಮೆರಿಕದಲ್ಲಿ ಬುಡಕಟ್ಟುಗಳಿಗೆ ಇದಕ್ಕೆಂದೇ ಅನುದಾನ ಇದೆಯಂತೆ, ಎಚ್.ಡಿ. ಕೋಟೆ ಕಡೆ ಕೆಲಸ ಮಾಡುವ ನಮ್ಮಂಥ ಸಣ್ಣ ಸಂಸ್ಥೆಗೆ ಅಂಥದ್ದು ಯಾರು ಕೊಡುತ್ತಾರೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ಅಲೆದವನು ನಾನು. ದುಡ್ಡೇನೋ ಸಿಕ್ಕಿತು. ಕೆಲಸ ಕೆಟ್ಟಿತು.

ನಮ್ಮದು ನಾಗರಹೊಳೆ ಅಂಚಿನ ಜೇನುಕುರುಬರ ಹಾಡಿಗಳು. ಬೆಂಗಳೂರಿನ ಒಂದು ಕಂಪನಿ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು, ಕೊಡಲು ಒಪ್ಪಿತ್ತು. ನಾವು ಹೇಳಿದ್ದೂ ನೀವು ಹೇಳುತ್ತಿರುವುದನ್ನೇ: ರೇಷನ್ನು, ಪಿಂಚಣಿ ನೋಡುವವರು ಒಂದು ಕಡೆ, ಮಕ್ಕಳನ್ನು ನೋಡುವವರು ಇನ್ನೊಂದು ಕಡೆ, ಎರಡನ್ನೂ ಜೋಡಿಸುವವರು ಯಾರೂ ಇಲ್ಲ. ಆ ಕೆಲಸಕ್ಕೆ ಒಬ್ಬ ಸಂಯೋಜಕಿ ಸಿಕ್ಕಿದ್ದಳು. ಹಾಡಿಯಲ್ಲೇ ಹುಟ್ಟಿ ಬೆಳೆದು ಪಿಯುಸಿ ಮುಗಿಸಿದ ಹುಡುಗಿ. ನಾನು ಹೋದರೆ ಎಲ್ಲರೂ 'ಹೂಂ ಸಾರ್' ಅಂದು ಸುಮ್ಮನಾಗುತ್ತಿದ್ದರು. ಅವಳು ಹೋದರೆ ಒಲೆ ಮುಂದೆ ಕೂರಿಸಿಕೊಂಡು ಮನೆಯ ಕಷ್ಟವೆಲ್ಲ ಹೇಳುತ್ತಿದ್ದರು.

ಈಗ ನಾನು ಮಾಡಿದ ತಪ್ಪು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಬಜೆಟ್ಟಿನ ಎಕ್ಸೆಲ್ ಹಾಳೆಯಲ್ಲಿ ಅವಳ ಸಂಬಳ, ಬಸ್ ಚಾರ್ಜು, ಜೆರಾಕ್ಸ್ ಖರ್ಚು ಎಲ್ಲವನ್ನೂ 'ಆಡಳಿತ ವೆಚ್ಚ' ಅನ್ನುವ ಸಾಲಿನಲ್ಲಿ ಬರೆದೆ. ಸಂಬಳ ಅಂದ ಮೇಲೆ ಆಡಳಿತ ತಾನೇ ಅಂದುಕೊಂಡೆ. ಕಂಪನಿಯವರು ನೋಡಿ, ಕಾನೂನಿನ ಪ್ರಕಾರ ಆಡಳಿತಕ್ಕೆ ಶೇ 5 ಮೀರುವಂತಿಲ್ಲ ಅಂದರು. ನಾನು ಒಪ್ಪಿ ತಲೆಯಾಡಿಸಿದೆ. ನಿಜ ಏನೆಂದರೆ ಆ ಮಿತಿ ನಮಗೆ ಸಂಬಂಧಪಟ್ಟದ್ದೇ ಅಲ್ಲ. 2021ರ ಜನವರಿಯಲ್ಲಿ ತಿದ್ದಿದ ಸಿಎಸ್‌ಆರ್ ನಿಯಮ ತೆಗೆದು ನೋಡಿ. ಶೇ 5ರ ಮಿತಿ ಇರುವುದು ಕಂಪನಿ ತನ್ನೊಳಗೆ ಸಿಎಸ್‌ಆರ್ ಕೆಲಸ ನೋಡಿಕೊಳ್ಳಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಉಸ್ತುವಾರಿ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಅಂತ ಅಲ್ಲೇ ಬರೆದಿದೆ. ಅದೇ ಮೊತ್ತವನ್ನು ಎರಡು ಸಾಲು ಮೇಲೆ 'ಯೋಜನೆಯ ಅನುಷ್ಠಾನ' ಅಂತ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಹುಡುಗಿಯನ್ನು ತೆಗೆದರೆ ಯೋಜನೆಯಲ್ಲಿ ಉಳಿಯುವುದು ಸ್ಕೂಲ್ ಬ್ಯಾಗು ಮಾತ್ರ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಆದದ್ದೂ ಹಾಗೇ. ಅವಳ ಕೆಲಸ ಅರ್ಧ ದಿನದ್ದಾಯಿತು. ಮಿಕ್ಕ ದುಡ್ಡು ಬ್ಯಾಗು, ಸ್ವೆಟರು, ಬ್ಯಾನರಿಗೆ ಹೋಯಿತು. ಆ ಅರ್ಧ ದಿನವೂ ಬ್ಯಾಗು ಹಂಚಿದ ಫೋಟೋ ತೆಗೆದು ಕಳಿಸುವುದರಲ್ಲೇ ಮುಗಿಯುತ್ತಿತ್ತು.

ವರ್ಷದ ಕೊನೆಗೆ ಎಸ್ಟೇಟ್ ಕೂಲಿಗೆ ಜನರನ್ನು ಕರೆದೊಯ್ಯಲು ಕೊಡಗಿನಿಂದ ಜೀಪುಗಳು ಬರಲು ಶುರುವಾದವು. ಕಾಫಿ ಕೊಯ್ಲಿನ ಕಾಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಒಂದು ಮನೆಯಲ್ಲಿ ಗಂಡ ತೀರಿಕೊಂಡ ಹೆಂಗಸು, ಎರಡು ಮಕ್ಕಳು, ಒಬ್ಬ ಅಜ್ಜಿ. ಮಕ್ಕಳಿಬ್ಬರಿಗೂ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಸ್ಪಾನ್ಸರ್‌ಶಿಪ್ ಮಂಜೂರಾಗಿತ್ತು, ಮಗುವಿಗೆ ತಿಂಗಳಿಗೆ 4000 ರೂಪಾಯಿ. ಮಾಡಿಸಿದ್ದು ನಮ್ಮ ಹುಡುಗಿಯೇ. ಪ್ರತಿ ವರ್ಷ ತಾಯಿ ಎಸ್ಟೇಟಿಗೆ ಹೋಗುತ್ತಿದ್ದಳು, ಅಜ್ಜಿ ಮಕ್ಕಳನ್ನು ಇಟ್ಟುಕೊಂಡು ಹಾಡಿಯಲ್ಲೇ ಇರುತ್ತಿದ್ದಳು. ಆ ವರ್ಷ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ತಾಲ್ಲೂಕು ಕಚೇರಿಗೆ ಒಂದೆರಡು ಸಲ ಹೋಗಿ ಬಂದರೆ ಸರಿಹೋಗುವ ವಿಷಯ. ಹೋಗುವವರು ಇರಲಿಲ್ಲ. 'ಇಲ್ಲಿ ಕೂತು ತಿನ್ನೋಕೆ ಏನೈತೆ' ಅಂತ ಅಜ್ಜಿಯೂ ಜೀಪು ಹತ್ತಿದಳು. ಮಕ್ಕಳೂ ಹತ್ತಿದರು.

ಈ ಸ್ಪಾನ್ಸರ್‌ಶಿಪ್‌ಗೆ ಒಂದು ಷರತ್ತಿದೆ. ಶಾಲೆಗೆ ಹೋಗುವ ಮಗು 30 ದಿನಕ್ಕಿಂತ ಜಾಸ್ತಿ ಗೈರಾದರೆ ಪರಿಶೀಲಿಸಿ ನಿಲ್ಲಿಸಬಹುದು. ಮಕ್ಕಳು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದರು. ವಾಪಸ್ ಬಂದ ಮೇಲೆ ಹೆಡ್‌ಮಾಸ್ಟರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಆ ಎರಡು ಹೆಸರುಗಳ ಮುಂದೆ ಪುಟದ ತುದಿವರೆಗೂ ಕೆಂಪು ಇಂಕು. ದುಡ್ಡು ನಿಂತಿತ್ತು. ಮತ್ತೆ ಶುರು ಮಾಡಿಸಲು ಹೊಸ ಮನೆ ಭೇಟಿ, ಹೊಸ ವರದಿ, ಮತ್ತೆ ಮಂಜೂರು ಮಾಡುವ ಸಮಿತಿಯ ಸಭೆ. ಅಷ್ಟರಲ್ಲಿ ದೊಡ್ಡ ಹುಡುಗ ಎಸ್ಟೇಟಿನ ಕೂಲಿಯ ರುಚಿ ಕಂಡಿದ್ದ, ಶಾಲೆ ಕಡೆ ತಲೆ ಹಾಕಲಿಲ್ಲ.

ಅಜ್ಜಿಯ ಪಿಂಚಣಿ ಒಂದು ಇಲಾಖೆಯ ಫೈಲು, ಮಕ್ಕಳ ಸ್ಪಾನ್ಸರ್‌ಶಿಪ್ ಇನ್ನೊಂದು ಇಲಾಖೆಯ ಫೈಲು. ಒಂದು ಬಿದ್ದರೆ ಇನ್ನೊಂದು ಬೀಳುತ್ತದೆ ಅಂತ ಎರಡು ಕಚೇರಿಯಲ್ಲೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದದ್ದು ನಮ್ಮ ಹುಡುಗಿಗೆ, ಅವಳು ಫೋಟೋ ತೆಗೆಯುತ್ತಿದ್ದಳು.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕುಟುಂಬಕ್ಕೆ, ಮಕ್ಕಳಿಗೆ ಕೊಡಲು ನೀವು ದುಡ್ಡು ಹುಡುಕಬೇಕಾಗಿಲ್ಲ, ಅದು ಸರ್ಕಾರದ ಹತ್ತಿರ ಇದೆ. ತಾಯಿ ವಿಧವೆಯಾಗಿರುವಂಥ ಕಷ್ಟದ ಮನೆಯ ಮಕ್ಕಳಿಗೆ ಸ್ಪಾನ್ಸರ್‌ಶಿಪ್ ಇದೆ, ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಒಳಗಿರಬೇಕು. ಗೃಹಲಕ್ಷ್ಮಿಯ 2000 ಇದೆ. ಪೌಷ್ಟಿಕ ಆಹಾರದ ಕಿಟ್ ಇದೆ. ಇದರ ಮೇಲೆ ಇನ್ನೊಂದು ಕಿಟ್ ಹಂಚಲು ಅನುದಾನ ಕೇಳಬೇಡಿ. ಪಿಎಂ ಜನಮನ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಅದನ್ನೂ ನಂಬಿ ಕೂರಬೇಡಿ. ತೀರ ಹಿಂದುಳಿದ ಬುಡಕಟ್ಟುಗಳಿಗೆ ಅಂತ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ 24,104 ಕೋಟಿಯ ಯೋಜನೆ, ಕರ್ನಾಟಕದಲ್ಲಿ ಜೇನುಕುರುಬರು, ಕೊರಗರು ಇಬ್ಬರೂ ಅದರಲ್ಲಿದ್ದಾರೆ, ಸರಿ. ಆದರೆ ಅದರ 11 ಬಾಬ್ತುಗಳು ಮನೆ, ರಸ್ತೆ, ನೀರು, ಅಂಗನವಾಡಿ, ಹಾಸ್ಟೆಲ್, ಮೊಬೈಲ್ ಟವರ್ ಇಂಥವು. ದುಡ್ಡು ಹೋಗುವುದು ಇಲಾಖೆಗಳ ಮೂಲಕ. ಮನೆಮನೆಗೆ ಹೋಗಿ ಅಜ್ಜಿಯ ಪಾಸ್‌ಬುಕ್ ನೋಡುವವರ ಸಂಬಳ ಅದರಲ್ಲಿಲ್ಲ.

ಅಮೆರಿಕದ್ದನ್ನು ನೀವೇ ಎತ್ತಿದಿರಿ. ಅದು 2005ರ ಕಾಯ್ದೆಯಿಂದ ಬಂದದ್ದು, ವರ್ಷಕ್ಕೆ ಹೆಚ್ಚೆಂದರೆ 20 ಲಕ್ಷ ಡಾಲರ್, ಅದೂ ಹಲವು ಬುಡಕಟ್ಟುಗಳಿಗೆ ಹಂಚಿ. ಆ ದೇಶದ ಲೆಕ್ಕಕ್ಕೆ ಚಿಲ್ಲರೆ ಕಾಸು. ಆದರೆ ದುಡ್ಡನ್ನು ಯಾವುದಕ್ಕೆ ಬಳಸಬಹುದು ಅಂತ ಬರೆದಿದ್ದಾರಲ್ಲ, ಅದರಲ್ಲಿ ಮೊದಲನೆಯದೇ ನೆರವು ಪಡೆಯುವ ಒಂದೊಂದು ಕುಟುಂಬದ ಬೆನ್ನಿಗೆ ನಿಂತು ಅದರ ಕೆಲಸ ಆಗುವಂತೆ ನೋಡಿಕೊಳ್ಳುವುದು. ಅಲ್ಲಿಂದ ಕಲಿಯಬೇಕಾದದ್ದು ಅಷ್ಟೇ.

ಹಾಗಾಗಿ ನೀವು ಕೇಳಬೇಕಾದದ್ದು ಪೂರ್ತಿ ದಿನದ ಒಬ್ಬ ಕಾರ್ಯಕರ್ತೆಯ ಸಂಬಳ, ಅವಳ ಓಡಾಟ, ಜೆರಾಕ್ಸ್. ಕನಿಷ್ಠ ಎರಡು ಕೊಯ್ಲಿನ ಕಾಲಕ್ಕೆ ಕೇಳಿ. ದಸರಾ ರಜೆಗೆ ಮುಂಚೆಯೇ ಅವಳು ಹಾಡಿಯ ಎಲ್ಲ ಅಜ್ಜ ಅಜ್ಜಿಯರ ಪಿಂಚಣಿ ಬರುತ್ತಿದೆಯಾ ಅಂತ ನೋಡಿ ಮುಗಿಸಿರಬೇಕು. ಎಸ್ಟೇಟಿಗೆ ಹೋಗಲೇಬೇಕಾದ ಮಕ್ಕಳಿದ್ದರೆ ಇಲ್ಲಿನ ಹೆಡ್‌ಮಾಸ್ಟರಿಂದ ಪತ್ರ ಬರೆಸಿ, ಅಲ್ಲಿನ ಶಾಲೆಯಲ್ಲಿ ಕೂರಿಸಿ, ಅಲ್ಲಿನ ಹಾಜರಿ ತಂದು ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಶೇ 5ರ ಮಾತು ಬಂದರೆ ನಿಯಮದ ಆ ಪುಟ ತೋರಿಸಿ. ಸಂಬಳಕ್ಕೆ ಆಗಲ್ಲ, ಬೇಕಾದರೆ ಬ್ಯಾಗು ಕೊಡುತ್ತೇವೆ ಅಂದವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಾವು ಆಮೇಲೆ ತಿದ್ದಿದ ಬಜೆಟ್ ಹಾಳೆ ಬೇಕಿದ್ದರೆ ಕೇಳಿ, ಹೆಸರು ತೆಗೆದು ಕಳಿಸುತ್ತೇನೆ.