ಕೋಷರ್ ಚಾಕೊಲೇಟ್ ಟೀ ಕೊಳ್ಳುವಾಗ 'ಡಿ' ಅಕ್ಷರ ಇದೆಯಾ ನೋಡಿ

ನ್ಯೂಜೆರ್ಸಿಯಲ್ಲಿ ನಿಮ್ಮ ಪಕ್ಕದ ಮನೆಯವರು ಯಹೂದಿಗಳು, ಕೋಷರ್ ಅಂದರೆ ಅವರ ಧರ್ಮದ ಆಹಾರ ನಿಯಮ ಪಾಲಿಸುತ್ತಾರೆ, ಅವರಿಗೆ ಯಾವ ಚಾಕೊಲೇಟ್ ಟೀ ಕೊಡಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಒಂದು ಡಬ್ಬ ಹಿಡಿದು ಗೆಳತಿಯ ಮನೆಗೆ ರಾತ್ರಿ ಊಟಕ್ಕೆ ಹೋಗಿದ್ದೆ. ಕೋಷರ್ ಗುರುತು ಇತ್ತು, ಆದರೆ ಪಕ್ಕದಲ್ಲಿದ್ದ 'ಡಿ' ಅಕ್ಷರವನ್ನು ನಾನು ಗಮನಿಸಿರಲಿಲ್ಲ. ಡಿ ಅಂದರೆ ಹಾಲಿನ ಅಂಶ. ಅವತ್ತು ಅವರ ಊಟದಲ್ಲಿ ಕೋಳಿ ಇತ್ತು. ಮಾಂಸ ತಿಂದ ಮೇಲೆ ಹಾಲಿನದ್ದು ಮುಟ್ಟಲು ಅವರ ಮನೆಯಲ್ಲಿ 6 ಗಂಟೆ ಕಾಯುತ್ತಾರೆ. ಊಟ ಆದಮೇಲೆ ಎಲ್ಲರೂ ಸೇರಿ ಕುಡಿಯಲಿ ಅಂತ ಒಯ್ದ ಟೀ ಕಪಾಟು ಸೇರಿತು. ನನಗೆ ತುಂಬಾ ಬೇಜಾರಾಯಿತು.

ಬರೀ ಟೀ ಸೊಪ್ಪಿಗೆ ಸಾಮಾನ್ಯವಾಗಿ ಗುರುತೇ ಬೇಕಾಗಿಲ್ಲ. ತೊಡಕು ಇರುವುದು ಪರಿಮಳದಲ್ಲಿ. ಫ್ಲೇವರ್‌ಗೆ ಬಳಸುವ ಗ್ಲಿಸರಿನ್ ಪ್ರಾಣಿಯ ಕೊಬ್ಬಿನಿಂದ ಬಂದಿರಬಹುದು. ಚಾಕೊಲೇಟ್ ಚೂರುಗಳಲ್ಲಿ ಹಾಲಿನ ಪುಡಿ ಇರಬಹುದು. ಹಾಗಾಗಿ ನಮ್ಮ ದೇಶದ ಹಸಿರು ಚುಕ್ಕೆಯನ್ನು ನಂಬಿ ಊರಿಂದ ತಂದ ಟೀ ಕೊಡಬೇಡಿ. ಸಸ್ಯಾಹಾರ ಅಂದ ಮಾತ್ರಕ್ಕೆ ಕೋಷರ್ ಆಗುವುದಿಲ್ಲ.

ವೃತ್ತದೊಳಗೆ 'ಯು' ಇರುವ ಓಯು ಗುರುತು, ಓಕೆ, ಸ್ಟಾರ್-ಕೆ, ಕೋಫ್-ಕೆ, ಇವೆಲ್ಲ ಕೋಷರ್ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಗುರುತುಗಳು, ಇವುಗಳಲ್ಲಿ ಒಂದನ್ನು ಹುಡುಕಿ. ಸುಮ್ನೆ 'ಕೆ' ಅಂತ ಒಂದೇ ಅಕ್ಷರ ಇದ್ದರೆ ಅದನ್ನು ನೆಚ್ಚಬೇಡಿ. ಅದು ಯಾವ ಸಂಸ್ಥೆಯ ಸ್ವಂತ ಗುರುತೂ ಅಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. 'ಪಾರೆವ್' ಅಂತ ಬರೆದಿದ್ದರೆ ಅದನ್ನೇ ತನ್ನಿ. ಅದರಲ್ಲಿ ಹಾಲೂ ಇಲ್ಲ, ಮಾಂಸವೂ ಇಲ್ಲ, ಯಾವ ಊಟದ ಜೊತೆಗೂ ಕುಡಿಯಬಹುದು. ಒಂದೇ ಕಂಪನಿಯ ಒಂದು ಪರಿಮಳಕ್ಕೆ ಗುರುತಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು, ಆದ್ದರಿಂದ ಕೈಯಲ್ಲಿರುವ ಡಬ್ಬವನ್ನೇ ಓದಿ. ಯಹೂದಿಗಳ ಪಾಸೋವರ್ ಹಬ್ಬ ಹತ್ತಿರ ಇದ್ದರೆ ಅದಕ್ಕೆ ಬೇರೆಯೇ ಗುರುತು ಬೇಕು. ಕೆಲವು ಚಾಕೊಲೇಟ್ ಟೀಗಳಲ್ಲಿ ಬಾರ್ಲಿ ಮಾಲ್ಟ್ ಇರುತ್ತದೆ, ಹಬ್ಬದಲ್ಲಿ ಅದು ನಡೆಯುವುದಿಲ್ಲ.

ಇನ್ನು ರುಚಿ. ನಾನು ಪುತ್ತೂರಿನವಳು. ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯುವ ಊರು, 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಅಲ್ಲೇ ಇದೆ. ಹುರಿದ ಕೊಕ್ಕೋದ ವಾಸನೆ ಗೊತ್ತಿದ್ದವರಿಗೆ ಬರೀ ಎಸೆನ್ಸ್ ಹಾಕಿದ ಟೀ ಸಪ್ಪೆ ಅನ್ನಿಸುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಕೊಕ್ಕೋ ಸಿಪ್ಪೆ ಅಥವಾ ಕೊಕ್ಕೋ ನಿಬ್ಸ್ (ಕೊಕ್ಕೋ ಬೀಜದ ಚೂರುಗಳು) ಇದೆಯಾ ನೋಡಿ. ಬುಡದಲ್ಲಿ ಅಸ್ಸಾಂನಂಥ ಗಟ್ಟಿ ಟೀ ಇದ್ದರೆ ಇನ್ನೂ ಒಳ್ಳೆಯದು, ಕುದಿಯುವ ನೀರಿನಲ್ಲಿ 5 ನಿಮಿಷ ಬಿಟ್ಟರೆ ಕೊಕ್ಕೋ ಚೆನ್ನಾಗಿ ಇಳಿಯುತ್ತದೆ. ಚಾಕೊಲೇಟ್ ಜೊತೆ ಹೇಝಲ್‌ನಟ್ ಇಷ್ಟವಾದರೆ ಹಾರ್ನಿ ಆಂಡ್ ಸನ್ಸ್ ಕಂಪನಿಯ ಫ್ಲಾರೆನ್ಸ್ ಅನ್ನುವ ಟೀ ನೋಡಿ, ಪರಿಮಳ ನನಗೆ ತುಂಬಾ ಹಿಡಿಸಿದೆ.

ಒಂದು ಮಾತು, ಡಬ್ಬದ ಸೀಲ್ ಒಡೆಯಬೇಡಿ. ನಮ್ಮ ಮನೆಯಲ್ಲಿ ಕುದಿಸಿ ಫ್ಲಾಸ್ಕ್‌ನಲ್ಲಿ ಒಯ್ಯುವುದೂ ಬೇಡ, ನಮ್ಮ ಪಾತ್ರೆಗಳು ಅವರಿಗೆ ಆಗುವುದಿಲ್ಲ. ಟೀಯನ್ನು ಅವರೇ ತಮ್ಮ ಕೆಟಲ್‌ನಲ್ಲಿ ಮಾಡಿಕೊಳ್ಳಲಿ.