ಲಂಡನ್ನಿನಲ್ಲಿ ಜಾದೂ ಮಾಡಿ ಬದುಕಬಹುದಾ?

ತಮ್ಮಾ, ಎಂಎಸ್ಸಿ ಓದಲು ಲಂಡನ್ನಿಗೆ ಬಂದು ಮೂರು ವಾರ ಆಯ್ತು, ಊರಿನಲ್ಲಿ ಜಾದೂ ಮಾಡುತ್ತಿದ್ದೆ, ಇಲ್ಲೂ ಶನಿವಾರ ಭಾನುವಾರ ಶೋ ಮಾಡಿ ಖರ್ಚು ತೂಗಿಸಬಹುದಾ, ನಿಮ್ಮ ಒಂದು ದಿನ ಹೇಗಿರುತ್ತದೆ ಅಣ್ಣಾ ಎಂದು ಕೇಳಿದ್ದೀಯ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ದುಡಿಮೆ ಮಾಡುವಂತಿಲ್ಲ. ಅದು ಸಾಲದು ಅಂತ ಮನರಂಜನೆಯ ಕೆಲಸವನ್ನು ಹೆಸರು ಹೇಳಿಯೇ ಬೇಡ ಎಂದಿದ್ದಾರೆ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸಕ್ಕೆ ಬಿಡುತ್ತಾರಲ್ವಾ ಎನ್ನಬೇಡ. ಅದರಲ್ಲಿ ಅಂಗಡಿಯಲ್ಲಿ ಬಿಲ್ ಹಾಕಬಹುದು, ಟೋಪಿ ಹಿಡಿದು ದುಡ್ಡು ಕೇಳುವಂತಿಲ್ಲ. ಓದು ಮುಗಿದು ಗ್ರಾಜುಯೇಟ್ ವೀಸಾ ಸಿಕ್ಕರೆ ಸ್ವಂತ ದುಡಿಮೆಗೆ ಅಡ್ಡಿಯಿಲ್ಲ. ಅಲ್ಲಿಯವರೆಗೆ, ಕನ್ನಡದವರ ದೀಪಾವಳಿಗೆ ಪುಕ್ಕಟೆ ಮಾಡ್ತೀನಿ ಅಂದರೂ ಕಾಲೇಜಿನ ವೀಸಾ ಸಲಹೆಗಾರರನ್ನು ಒಂದು ಮಾತು ಕೇಳು.

ಈಗ ನನ್ನ ದಿನ. ಕಳೆದ ಶನಿವಾರದ್ದೇ ಹೇಳುತ್ತೇನೆ. ಆರಕ್ಕೆ ಎದ್ದು ಹಗ್ಗ, ಕರವಸ್ತ್ರ, ಇಸ್ಪೀಟು ಎಲ್ಲ ಜೋಡಿಸಿದೆ. ಒಂದು ಮಡಿಕೆ ತಪ್ಪಿದರೂ ಮಧ್ಯಾಹ್ನ ಮಾನ ಹೋಗುತ್ತದೆ. 11ಕ್ಕೆ ಹ್ಯಾರೋದ ಚರ್ಚ್ ಹಾಲ್‌ನಲ್ಲಿ ಗುಜರಾತಿ ಮನೆಯವರ ಹುಡುಗಿಯ ಬರ್ತ್‌ಡೇ. 45 ನಿಮಿಷ ಜಾದೂ, ಆಮೇಲೆ ಬಲೂನಿನ ನಾಯಿ, ಕತ್ತಿ. ಮಕ್ಕಳು 25, ಎಲ್ಲರಿಗೂ ಕತ್ತಿಯೇ ಬೇಕು.

ಊರಿನ ಶಾಲೆಗಳಲ್ಲಿ ಹೆಡ್‌ಮಾಸ್ಟರ್ ಪಕ್ಕದಲ್ಲೇ ನಿಂತಿರುತ್ತಿದ್ದರು, ಮಕ್ಕಳು ಕೈಕಟ್ಟಿ ಕೂತಿರುತ್ತಿದ್ದವು. ಇಲ್ಲಿನವು ಕ್ರಿಸ್‌ಮಸ್ ಬಂತೆಂದರೆ ಪ್ಯಾಂಟೊಮೈಮ್, ಅಂದರೆ ನೋಡುವವರೂ ಕೂಗಿ ಸೇರಿಕೊಳ್ಳುವ ಹಾಸ್ಯ ನಾಟಕ, ನೋಡಿ ಬೆಳೆದವು. "ನಿನ್ನ ಹಿಂದೆ! ನಿನ್ನ ಹಿಂದೆ!" ಎಂದು ಕಿರುಚುವುದೇ ಅವಕ್ಕೆ ಮಜಾ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಗುಟ್ಟು ಬಯಲು ಮಾಡ್ತಿದ್ದಾರೆ ಅಂತ ಸಿಟ್ಟು ಬಂದು ಒಮ್ಮೆ ಗದರಿಬಿಟ್ಟೆ. ಮುಂದಿನ ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ. ಆ ಮನೆಯವರು ಮತ್ತೆ ಕರೆಯಲೂ ಇಲ್ಲ. ಈಗ ಬೇಕೆಂದೇ ಕರವಸ್ತ್ರವನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಪೆದ್ದನ ಹಾಗೆ ಹುಡುಕುತ್ತೇನೆ. ಯಕ್ಷಗಾನದ ಹಾಸ್ಯಗಾರನ ಕೆಲಸ ಅದು. ನನ್ನ ಕೈಚಳಕಕ್ಕಿಂತ ಜಾಸ್ತಿ ಅನ್ನ ಹಾಕಿದ್ದು ಅದೇ.

ಕಾರಿನಲ್ಲೇ ಚಿತ್ರಾನ್ನ. 3ಕ್ಕೆ ಸ್ಲೌನಲ್ಲಿ ಇನ್ನೊಂದು ಪಾರ್ಟಿ, ರಾತ್ರಿ ಒಂದು ಮದುವೆಯಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ಇಸ್ಪೀಟಿನಾಟ. ಮನೆ ಸೇರಿದಾಗ ಹನ್ನೊಂದೂವರೆ. ಎಲ್ಲ ಸೇರಿ ಶೋ ಮೂರೂವರೆ ಗಂಟೆ. ಉಳಿದದ್ದೆಲ್ಲ ಡ್ರೈವಿಂಗು, ಪಾರ್ಕಿಂಗು, ಪೆಟ್ಟಿಗೆ ಹೊರುವುದು.

ಲಂಡನ್ನಿನಲ್ಲಿ ಬೀದಿ ಆಟಕ್ಕೆ ಹೆಸರಾದ ಕೊವೆಂಟ್ ಗಾರ್ಡನ್ ಬಗ್ಗೆಯೂ ಕೇಳಿದ್ದೆಯಲ್ಲ. ಅಲ್ಲಿ ಆಡುವವರು ಬೆಳಿಗ್ಗೆ ಸೇರಿ ಚೀಟಿ ಎತ್ತಿ ಸರದಿ ಹಂಚಿಕೊಳ್ಳುತ್ತಾರೆ. 1662ರಲ್ಲೇ ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ಅಲ್ಲಿ ಬೊಂಬೆಯಾಟ ನೋಡಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಈಗ ಯಾರ ಜೇಬಿನಲ್ಲೂ ಚಿಲ್ಲರೆ ಇರುವುದಿಲ್ಲ, ಟೋಪಿಯ ಪಕ್ಕ ಕಾರ್ಡ್ ಮೆಶಿನ್ ಇರಬೇಕು. ಸುಮ್ನೆ ಒಂದು ದಿನ ಹೋಗಿ ನಿಂತು ನೋಡು. ಆಟ ಮುಗಿಯುವ ಸ್ವಲ್ಪ ಮೊದಲು, ಜನ ಕಾಲು ಕೀಳದ ಹಾಗೆ ದುಡ್ಡಿನ ಮಾತು ಹೇಗೆ ಎತ್ತುತ್ತಾರೆ ಎನ್ನುವುದನ್ನು ಕಲಿತುಕೋ.

ವೀಸಾ ಬದಲಾದ ಮೇಲೆ ಫೋನ್ ಮಾಡು. ಜನವರಿಯಲ್ಲಿ ನೊಣ ಹೊಡೆಯುತ್ತಿರುತ್ತೇನೆ, ಡಿಸೆಂಬರಿನಲ್ಲಿ ಒಂದೇ ದಿನಕ್ಕೆ ಮೂರು ಕಡೆಯಿಂದ ಕರೆ ಬರುತ್ತದೆ. ಒಂದನ್ನು ನಿನಗೆ ಬಿಟ್ಟುಕೊಡುತ್ತೇನೆ. ಬಲೂನಿನ ಪಂಪ್ ಮಾತ್ರ ನೀನೇ ತರಬೇಕು.